ಯಾರಿಗೂ ಬೇಡದ ನಲವತ್ತಮೂರು

"ಒಟ್ಟು ನಲವತ್ತಮೂರು! ಒಂದೂ ಬಿಡದೆ ಗುಡಿಸಿ ಹಾಕಿದೆ ಅತ್ತೆ" ಎಂದು ಸೊಸೆ ಕುರ್ಚಿಗೆ ಒರಗಿದಳು.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತಿದ್ದ ಮನೆಯ ಸರ್ವರ್ ಜಾಗ ಸಾಲದೆಂದು ವಾರದಿಂದ ಮುನಿಸಿಕೊಂಡಿತ್ತು. ಒಂದು ಫೋಟೋ ಹಾಕಲು ಹೋದರೂ ಒಲ್ಲೆ ಎನ್ನುತ್ತಿತ್ತು. ತಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಅವಧಿ ಮುಗಿದ ಮಾತ್ರೆಗಳನ್ನು ಮುಲಾಜಿಲ್ಲದೆ ಬುಟ್ಟಿಗೆ ಎಸೆಯುವ ಕೈ ಅವಳದು. ಭಾನುವಾರ ಪುರುಸೊತ್ತಾಗಿ ಕೂತು, ಬೇರೆ ಯಾವ ಪ್ರೋಗ್ರಾಮಿಗೂ ಬೇಡವಾಗಿ ಉಳಿದ ಪ್ಯಾಕೇಜುಗಳ, ಅಂದರೆ ಬಿಡಿ ಬಿಡಿ ಸಾಫ್ಟ್‌ವೇರ್ ಕಟ್ಟುಗಳ, ಪಟ್ಟಿ ಕೇಳಿದಳು. ಸರ್ವರ್ ಚಾಡಿ ಹೇಳುವವರ ಉತ್ಸಾಹದಲ್ಲಿ ಹೆಸರುಗಳನ್ನು ಒಪ್ಪಿಸಿತು. ಎಲ್ಲವನ್ನೂ ತೆಗೆ ಎಂದಳು, ತೆಗೆಯಿತು.

ಟವಲು ಮಡಚುತ್ತಿದ್ದ ಅತ್ತೆಯ ಕೈ ನಿಂತಿತು. "ಅದರಲ್ಲಿ ನಂದೂ ಹೋಯ್ತೇನಮ್ಮಾ? ಆಕಾಶದಿಂದ ಚಿತ್ರ ಬರೋದು?"

"ನಿಮ್ಮದಾ? ಯಾವ ಚಿತ್ರ?"

"ಹಳೇ ಹವಾಮಾನ ಉಪಗ್ರಹ ಒಂದಿದೆ ಕಣಮ್ಮ. ದಿನಾ ನಮ್ಮನೆ ಮೇಲೆ ಹಾದು ಹೋಗುತ್ತೆ. ಹೋಗ್ತಾ ಹೋಗ್ತಾ ಕೆಳಗೆ ಕಂಡಿದ್ದನ್ನ ಹೇಳ್ಕೊಂಡು ಹೋಗುತ್ತೆ. ಚಿಕ್ಕೋನು ಕಾಲು ಮುರ್ಕೊಂಡು ಇಲ್ಲಿದ್ದಾಗ ಅದನ್ನ ಕೇಳಿಸ್ಕೊಳ್ಳೋ ಹಾಗೆ ಮಾಡಿಕೊಟ್ಟಿದ್ದ." ಅತ್ತೆ ಗೋಡೆ ಗಡಿಯಾರ ನೋಡಿದರು. ಹನ್ನೊಂದು ಹನ್ನೊಂದು. "ಇವತ್ತು ಹನ್ನೊಂದು ಇಪ್ಪತ್ತಾರಕ್ಕೆ ಕೊನೇ ಸಲ. ಆಮೇಲೆ ಅದನ್ನ ಆರಿಸಿಬಿಡ್ತಾರಂತೆ."

ಸೊಸೆಗೆ ಈಗ ಅರ್ಥವಾಯಿತು. ಮೈದುನ ಹಾಕಿಕೊಂಡಿದ್ದ ದೊಡ್ಡ ರೇಡಿಯೊ ಪ್ರೋಗ್ರಾಮಿನ ಬೆನ್ನಿಗೆ ಅತ್ತೆಯ ಈ ಪುಟ್ಟ ಪ್ಯಾಕೇಜೂ ಬಂದಿತ್ತು. ಹೊರಡುವಾಗ ಅವನು ತನ್ನದನ್ನು ತೆಗೆದುಕೊಂಡು ಹೋದ. ಇದು ಹೇಳುವವರು ಕೇಳುವವರು ಇಲ್ಲದೆ ಉಳಿಯಿತು. ಬೇರೆ ಯಾವ ಪ್ಯಾಕೇಜಿಗೆ ಇದು ಬೇಕು ಎಂಬುದಷ್ಟೇ ಸರ್ವರ್‌ಗೆ ಗೊತ್ತು. ಯಾವ ಮನುಷ್ಯರಿಗೆ ಬೇಕು ಎಂದು ಅದಕ್ಕೇನು ಗೊತ್ತು?

"ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಿದ್ರೆ ನಗ್ತಿದ್ರಿ. ಬಟ್ಟೆ ಒಣಗಿಸೋ ನೆಪದಲ್ಲಿ ಮುದುಕಿ ಉಪಗ್ರಹ ಕಾಯ್ತಾಳೆ ಅಂತ." ಅತ್ತೆ ಟವಲುಗಳ ಅಡಿಯಿಂದ ಒಂದು ದಪ್ಪ ಚಿತ್ರಪುಸ್ತಕ ಎಳೆದು ಮುಂದಿಟ್ಟರು. ಪುಟಕ್ಕೊಂದು ದಿನ. ಪೆನ್ಸಿಲಿನಲ್ಲಿ ಕೂದಲೆಳೆಯಷ್ಟು ಸಣ್ಣ ಕರಾವಳಿಯ ಗೆರೆ, ಅದರ ಮೇಲೆ ಆ ದಿನದ ಮೋಡಗಳು. "ನಕ್ಷೆ ಕಚೇರೀಲಿ ಮೂವತ್ತೆರಡು ವರ್ಷ ಬೇರೆಯವರು ಅಳೆದು ತಂದಿದ್ದನ್ನ ಗೆರೆ ಎಳೆದೆ. ಒಂದು ದಿನಾನೂ ಮೇಲಿಂದ ನೋಡ್ಲಿಲ್ಲ. ಇದು ದಿನಾ ಬಂದು ನಂಗೆ ತೋರಿಸ್ತಿತ್ತು."

ಕೊನೆಯ ಪುಟದಲ್ಲಿ ಇವತ್ತಿನ ತಾರೀಖು ಮಾತ್ರ ಇತ್ತು. ಎಂಟು ವರ್ಷ ಒಂದೇ ಸೂರಿನಡಿ ಇದ್ದು ಇದೊಂದೂ ತನಗೆ ತಿಳಿಯಲಿಲ್ಲವಲ್ಲ ಎಂದು ಸೊಸೆಗೆ ನಾಚಿಕೆಯಾಯಿತು. ಕುರ್ಚಿಯನ್ನು ಮತ್ತೆ ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಕಳಿಸಿದಷ್ಟು ಸಲೀಸಾಗಿ ಕರೆಸಿಕೊಳ್ಳಲು ಆಗಲಿಲ್ಲ. ಈ ಒಂದು ಪ್ಯಾಕೇಜನ್ನು ಬಾ ಎಂದರೆ, ತನಗೆ ಆಸರೆಯಾದ ಬೇರೆ ಏಳು ಪ್ಯಾಕೇಜುಗಳು, ಆ ಏಳು ಜನ ನೆಂಟರೂ ಬಂದರೇ ಬರುತ್ತೇನೆಂದು ಅದು ಹಟ ಹಿಡಿಯಿತು. ಆ ಏಳನ್ನೂ ಅವಳೇ ಹತ್ತು ನಿಮಿಷದ ಹಿಂದೆ ಹೊರಗಟ್ಟಿದ್ದಳು. ಇಂಟರ್ನೆಟ್‌ನಿಂದ ಒಂದೊಂದೂ ಇಳಿದು ಬರುವುದನ್ನು ನೋಡುತ್ತಾ ಉಗುರು ಕಚ್ಚಿದಳು. ಪುಣ್ಯಕ್ಕೆ ಮೈದುನ ಬರೆದಿಟ್ಟ ಸೆಟ್ಟಿಂಗು ಅಳಿದಿರಲಿಲ್ಲ.

"ಇಪ್ಪತ್ತೈದಾಯ್ತು" ಎಂದರು ಅತ್ತೆ.

"ಬಂತು ಅತ್ತೆ, ಬಂತು, ಇನ್ನೊಂದೇ..."

ಸ್ಪೀಕರಿನಿಂದ ಬರೀ ಬುಸ್ಸೆನ್ನುವ ಸದ್ದು ಬಂತು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಆ ಸದ್ದಿನ ಆಳದಿಂದ ಟಿಕ್, ಟಾಕ್, ಟಿಕ್, ಟಾಕ್. ಯಾರೋ ಬಹಳ ದೂರದಿಂದ ಒಂದೇ ಲಯದಲ್ಲಿ ನಡೆದು ಬರುವ ಹಾಗಿತ್ತು. ಪರದೆಯ ಮೇಲ್ತುದಿಯಲ್ಲಿ ಬೂದು ಗೆರೆಯೊಂದು ಮೂಡಿತು. ಅದರ ಕೆಳಗೆ ಇನ್ನೊಂದು.

ಗೆರೆಗೆ ಗೆರೆ ಸೇರಿ ಬೆಟ್ಟದ ಸಾಲಾಯಿತು, ಹೊಳೆಯಾಯಿತು, ಕಪ್ಪಗಿನ ಸಮುದ್ರವಾಯಿತು. ಸಮುದ್ರದ ಮೇಲೆ ಮೋಡಗಳು ಸುರುಳಿ ಸುತ್ತಿಕೊಂಡು ಮಲಗಿದ್ದವು. ಎಂಟುನೂರು ಕಿಲೋಮೀಟರ್ ಮೇಲೆ, ಗಾಳಿಯೂ ಇಲ್ಲದ ಕಡೆ, ಒಂದು ಹಳೆಯ ಯಂತ್ರ ಇದೇ ಕ್ಷಣ ಇದನ್ನು ನೋಡುತ್ತಿದೆ; ನೋಡಿದ್ದನ್ನು ತಾರಸಿಯ ಬಟ್ಟೆಹಗ್ಗದ ಪಕ್ಕ ಮೈದುನ ಆಂಟೆನಾ ಎಂದು ನೆಟ್ಟಿದ್ದ ಎರಡು ತಾಮ್ರದ ಕಡ್ಡಿಗಳಿಗೆ ಹೇಳುತ್ತಿದೆ. ಸೊಸೆಯ ಮೈ ಜುಮ್ಮೆಂದಿತು. ಆ ಕಡ್ಡಿಗಳಿಗೆ ಅವಳು ಎಷ್ಟೋ ಸಲ ಕಾಲುಚೀಲ ನೇತುಹಾಕಿದ್ದಳು.

"ಅಲ್ಲಿ, ಆ ಮೋಡದ ಅಂಚಿದೆಯಲ್ಲ," ಅತ್ತೆ ಪೆನ್ಸಿಲ್ ತುದಿಯಿಂದ ತೋರಿಸಿದರು, "ಅದರ ಕೆಳಗೆ ನಾವಿದ್ದೀವಿ. ನೀನು, ನಾನು, ಈ ಟವಲು, ಎಲ್ಲಾ."

ಸೊಸೆ ಕಿಟಕಿಯಾಚೆ ನೋಡಿದಳು. ಅದೇ ಮೋಡದ ಅಂಚು ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ನಿಂತಿತ್ತು. ಹನ್ನೆರಡು ನಿಮಿಷ ಕಳೆದ ಮೇಲೆ ಟಿಕ್ ಟಾಕ್ ಸಣ್ಣಗಾಗುತ್ತಾ ಬುಸುಗುಟ್ಟುವ ಸದ್ದಿನಲ್ಲಿ ಕರಗಿಹೋಯಿತು. ಅತ್ತೆ ಕೊನೆಯ ಪುಟದ ಗೆರೆ ಮುಗಿಸಿ ಪುಸ್ತಕ ಮಡಚಿದರು.

"ಇನ್ನು ಅದು ಬರೋದೇ ಇಲ್ವಾ ಅತ್ತೆ?"

"ಬರದೆ ಏನು! ಬಾಯಿ ಮುಚ್ಚಿಸ್ಬಹುದು ಅಷ್ಟೆ. ಸುತ್ತೋದನ್ನ ಯಾರು ನಿಲ್ಲಿಸ್ತಾರೆ? ನಾಳೆ ಹನ್ನೊಂದು ಹದಿನೈದಕ್ಕೆ ಬರುತ್ತೆ."

ಮರುದಿನ ಸೊಸೆ ಅಂಗಡಿಗೆ ತಡವಾಗುತ್ತದೆಂದು ಹೇಳಿ ತಾರಸಿಗೆ ಬಂದಳು. ಸರಿಯಾಗಿ ಹನ್ನೊಂದು ಹದಿನೈದಕ್ಕೆ ಅತ್ತೆ ಬೆರಳೆತ್ತಿ, ಏನೂ ಕಾಣದ, ಏನೂ ಕೇಳಿಸದ ಆಕಾಶದಲ್ಲಿ ಉತ್ತರದಿಂದ ದಕ್ಷಿಣಕ್ಕೆ ನಿಧಾನವಾಗಿ ಗೆರೆ ಎಳೆಯತೊಡಗಿದರು. ಹನ್ನೆರಡು ನಿಮಿಷ ಆ ಬೆರಳು ಕೆಳಗಿಳಿಯಲಿಲ್ಲ.