ಪಕ್ಕದ ನೋಟ

ಅತ್ತೆಯ ಮಿದುಳಿನ ಅಡಿಯ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಕಣ್ಣಿನ ನರ ಒತ್ತುತ್ತಿದೆ, ಎದುರಿನದಷ್ಟೇ ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಸೊಸೆಗೆ ಧೈರ್ಯ ಬಂದಿತ್ತು. ಅತ್ತೆ ಕೋಳಿಯ ಹಾಗೆ ಕತ್ತು ತಿರುಗಿಸಿ ತಟ್ಟೆ ಹುಡುಕುವರು. ಪಕ್ಕದಲ್ಲಿ ಕೂತ ಸೊಸೆ, “ಇನ್ನೊಂದು ತುತ್ತು ತಗೊಳ್ಳಿ ಅತ್ತೆ” ಎನ್ನುತ್ತಲೇ ತಾನೂ ಹಾಗೆಯೇ ಕತ್ತು ತಿರುಗಿಸಿ, ತುಟಿ ಸೊಟ್ಟ ಮಾಡಿ ಅಣಕಿಸುವಳು. ಬಾಗಿಲಲ್ಲಿ ನಿಂತ ವಾರಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ನಗುವಳು.

ಮೂಗಿನ ಮೂಲಕವೇ ಗಡ್ಡೆ ತೆಗೆದರು. ನೋಟ ಪೂರ್ತಿ ಮರಳಿತು. ಮನೆಯವರೆಲ್ಲ ಹಿಗ್ಗಿದರು, ಸೊಸೆ ಮಾತ್ರ ನಾಚಿಕೆಯಿಂದ ಕುಗ್ಗಿದಳು. ಸದ್ಯ, ಅತ್ತೆಗೆ ಏನೂ ತಿಳಿದಿಲ್ಲ, ಇನ್ನು ಜನ್ಮದಲ್ಲಿ ಹಾಗೆ ಮಾಡುವುದಿಲ್ಲ ಎಂದುಕೊಂಡು ಗಂಜಿಯ ಬಟ್ಟಲು ಹಿಡಿದು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತಳು.

“ಈಗ ಹೇಗೆ ಕಾಣುತ್ತೆ ಅತ್ತೆ?”

“ಚೆನ್ನಾಗಿ ಕಾಣುತ್ತೆ ಕಣಮ್ಮ. ಯಾಕೆ, ಮುಖ ಸಪ್ಪಗಿದೆ?”

“ಏನಿಲ್ಲ. ಇನ್ನೊಂದು ಚಮಚ ತಗೊಳ್ಳಿ.”

ಅತ್ತೆ ಗಂಜಿ ನುಂಗಿದರು. ಕತ್ತು ತಿರುಗಿಸದೆಯೇ ಕಾದರು.

“ಅಣಕಿಸೋದು ಯಾಕೆ ಬಿಟ್ಟೆ? ಇಷ್ಟು ದಿನ ಮಸುಕಾಗಿ ಕಾಣ್ತಿತ್ತು, ಇವತ್ತು ಸರಿಯಾಗಿ ನೋಡೋಣ ಅಂದ್ಕೊಂಡಿದ್ದೆ.”