ಕ್ಯಾಪ್ಟನ್ ಆರಿಸಿದ ದೋಣಿ

“ಇದರ ಒಡಲೇ ಸರಿಯಿಲ್ಲ,” ಎಂದು ಕ್ಯಾಪ್ಟನ್ ದೋಣಿಯ ಮೈಗೆ ಗೆಣ್ಣಿನಿಂದ ಎರಡು ಸಲ ಕುಟ್ಟಿದರು.

ಅದನ್ನು ಒರೆಸುತ್ತಿದ್ದ ಮುದುಕ ಮೆಕ್ಯಾನಿಕ್‌ನ ಕೈ ನಿಂತಿತು.

“ಹನ್ನೆರಡು ವರ್ಷದಿಂದ ನಾನೇ ನೋಡ್ಕೊಳ್ತಿದೀನಿ ಯಜಮಾನ್ರೆ. ಒಂದು ಹನಿ ನೀರು ಒಳಗೆ ಬಂದಿಲ್ಲ.”

“ನೀವು ದಡದಲ್ಲಿ ನಿಂತು ನೋಡಿದೀರಿ. ನಾನು ಸಮುದ್ರದ ಮೇಲೆ ನೋಡಿದವನು.”

ಮೆಕ್ಯಾನಿಕ್ ಬಾಡಿಗೆ ಕಚೇರಿಯ ಹುಡುಗಿಯ ಕಡೆ ತಿರುಗಿದ. ಅವಳು ತಲೆಯನ್ನು ತುಸುವೇ ಅಲ್ಲಾಡಿಸಿದಳು. “ಇರಬಹುದು,” ಎಂದು ಅವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಆಚೆ ನಡೆದ.

ಹಿರಿಯ ಅಳಿಯ, ಹಲ್ಲಿನ ಡಾಕ್ಟರು, ಮಾವನ ಜಾಣ್ಮೆಗೆ ತಲೆದೂಗಿದ. ಆದರೂ ಆಸೆ ಬಿಡಲಿಲ್ಲ. “ಮಾವ, ಈ ಹನ್ನೆರಡು ಮೀಟರಿಂದು ನಮಗೆ ಸಾಕಲ್ವಾ? ನಾಲ್ಕು ಕೋಣೆ ಇದೆ. ಮೂರು ಜೋಡಿಗೆ ಮೂರು, ಮಕ್ಕಳು ನಾಲ್ಕೂ ಒಂದರಲ್ಲಿ ಉರುಳ್ತವೆ. ನಡೆಸೋಕೆ ನೀವೇ ಇದ್ದೀರಿ. ಅದಕ್ಕೇ ಅಲ್ವಾ ಈ ರಜೆಗೆ ನಾವು ಹಾಯಿದೋಣಿ ಅಂತ ಕೂತಿರೋದು!”

ಗೇಟಿನ ಫಲಕವನ್ನು ಕ್ಯಾಪ್ಟನ್ ಒಳಗೆ ಬರುವಾಗಲೇ ಓದಿಕೊಂಡಿದ್ದರು: ಹದಿನಾಲ್ಕು ಮೀಟರ್ ದಾಟಿದ ಕ್ಯಾಟಮರಾನ್ ಹಾಯಿದೋಣಿಗಳನ್ನು ಸಂಸ್ಥೆಯ ನಾವಿಕನೇ ನಡೆಸತಕ್ಕದ್ದು.

ಅವರು ಜೀವಮಾನದಲ್ಲಿ ಒಂದು ದೋಣಿಯನ್ನೂ ನಡೆಸಿದವರಲ್ಲ. ಇಪ್ಪತ್ತೆರಡರ ಪ್ರಾಯದಲ್ಲಿ ಹಡಗು ಹತ್ತಿದ್ದು ನಿಜ. ಒಂಬತ್ತು ದಿನ ಕರುಳೇ ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡು, ಮೊದಲ ಬಂದರಿನಲ್ಲೇ ಇಳಿದುಬಿಟ್ಟಿದ್ದೂ ನಿಜ. ಆಮೇಲೆ ಮೂವತ್ತೆರಡು ವರ್ಷ ಅದೇ ಬಂದರಿನ ಗೋದಾಮಿನಲ್ಲಿ ಹಗ್ಗ ಎಣಿಸಿದರು. ಆರು ತಿಂಗಳಿಗೊಮ್ಮೆ ಊರಿಗೆ ಹೋದಾಗ, ಮನೆತುಂಬ ನೆಂಟರು ಸೇರಿ “ಹಡಗಿನವನು ಬಂದ” ಎಂದರು. ಇವರು ಅಲ್ಲವೆನ್ನಲಿಲ್ಲ. ಒಂದು ಸುಳ್ಳಿಗೆ ಹತ್ತು ಸುಳ್ಳು ಊರುಗೋಲಾಗಿ, ಹಡಗಿನವನು ಕ್ಯಾಪ್ಟನ್ ಆದ. ನಾವಿಕರ ಬಾಯಿಂದ ಕೇಳಿದ ಬಿರುಗಾಳಿಗಳೆಲ್ಲ ಇವರ ಮೇಲೆಯೇ ಬೀಸಿದವು. ಮಕ್ಕಳು ಕಣ್ಣರಳಿಸಿ ಕೇಳಿದರು, ಈಗ ಮೊಮ್ಮಕ್ಕಳು ಕೇಳುತ್ತಿದ್ದಾರೆ. ಹೆಂಡತಿ ಮಾತ್ರ ಕಥೆ ಶುರುವಾದರೆ ಏನೋ ಕೆಲಸ ನೆನಪಾಗಿ ಎದ್ದುಹೋಗುತ್ತಿದ್ದಳು.

“ಹದಿನೈದು ಮೀಟರಿಂದು ತೋರಿಸಿ,” ಎಂದರು ಕ್ಯಾಪ್ಟನ್.

“ಅದೊಂದು ನಿಮ್ಮ ತಾರೀಕಿಗೆ ಸಿಗುತ್ತೆ ಸರ್,” ಎಂದಳು ಹುಡುಗಿ. ತಾರೀಕು ಯಾವುದೆಂದು ಕೇಳಲಿಲ್ಲ. ಮೆಟ್ಟಿಲಿಳಿದು ಕೋಣೆಗಳನ್ನು ತೋರಿಸಿದಳು. “ನಡುವಿನದು ದೊಡ್ಡವರಿಗೆ. ಇಲ್ಲಿ ಅಲುಗಾಟ ಕಮ್ಮಿ.”

“ಅಲುಗಾಟ ನನಗೇನು ಮಾಡುತ್ತೆ?”

“ನಿಮಗಲ್ಲ ಸರ್, ಅಮ್ಮನವರಿಗೆ.”

“ಮಾವ, ನಿಮ್ಮ ಲೈಸೆನ್ಸ್ ಏನಾದ್ರೂ ಬೇಕಾಗುತ್ತೇನೋ?” ಎಂದ ಅಳಿಯ.

ಕ್ಯಾಪ್ಟನ್ ಬಗ್ಗಿ ಕೋಣೆಯ ಬಾಗಿಲಿನ ಚಿಲಕ ಪರೀಕ್ಷಿಸತೊಡಗಿದರು. ಹುಡುಗಿಯೇ ನಡುವೆ ಬಾಯಿ ಹಾಕಿದಳು: “ಇದಕ್ಕೆ ಬೇಡ. ನಮ್ಮ ನಾವಿಕರೇ ಬರ್ತಾರೆ.”

“ಅಯ್ಯೋ, ಹಾಗಾದ್ರೆ ನೀವು ನಡೆಸೋದು ನೋಡೋ ಹಾಗಿಲ್ವಾ?” ಅಳಿಯನ ಮುಖ ನಿಜಕ್ಕೂ ಬಾಡಿತು.

“ಮಕ್ಕಳ ಸುರಕ್ಷತೆ ಮುಖ್ಯ,” ಎಂದರು ಕ್ಯಾಪ್ಟನ್. ಎಷ್ಟು ಗಂಭೀರವಾಗಿ ಹೇಳಿದರೆಂದರೆ, ಅವರಿಗೇ ತಮ್ಮ ದನಿಯ ಮೇಲೆ ಅಸಹ್ಯವಾಯಿತು.

ಅಳಿಯ ಕಾರು ತರಲು ಹೋದ. ಗೆದ್ದಾಗಿತ್ತು. ಆದರೆ ಕಾಲು ಗೇಟಿನ ಕಡೆ ಏಳಲಿಲ್ಲ. ಬಟ್ಟೆ ಹೆಗಲಿಗೇರಿಸಿಕೊಂಡು ಹೋದ ಮುದುಕನ ಬೆನ್ನು ಕಣ್ಣಿಗೆ ಕಟ್ಟಿತ್ತು. ತಮ್ಮ ಮಾನ ಉಳಿಸಿಕೊಳ್ಳಲು ಇನ್ನೊಬ್ಬನ ಹನ್ನೆರಡು ವರ್ಷದ ದುಡಿಮೆಗೆ ಮಸಿ ಬಳಿದಿದ್ದರು. ಗೋದಾಮಿನಲ್ಲಿ ತಮ್ಮ ಹಗ್ಗಗಳನ್ನು ಯಾರಾದರೂ ಹಾಗೆ ಅಂದಿದ್ದರೆ?

ಕಚೇರಿಯೊಳಗೆ ಹೋಗಿ ಮೇಜಿನ ಮುಂದೆ ನಿಂತರು.

“ಆ ದೋಣೀಲಿ ಯಾವ ದೋಷವೂ ಇಲ್ಲ ಕಣಮ್ಮ. ನಾನು ಸುಳ್ಳು ಹೇಳಿದೆ.”

“ಅವರೇನೂ ಬೇಜಾರು ಮಾಡ್ಕೊಂಡಿಲ್ಲ ಸರ್, ಬಿಡಿ.”

“ಬಿಡೋ ಮಾತಲ್ಲ. ಅವರನ್ನ ಕರಿ. ಅವರ ಎದುರಿಗೇ ಹೇಳ್ಬೇಕು.”

ಅವಳು ಅವರ ಮುಖವನ್ನು ಅರೆಗಳಿಗೆ ನೋಡಿ, ಎದ್ದು ಹೊರಗೆ ಹೋದಳು.

ಕ್ಯಾಪ್ಟನ್ ಕುರ್ಚಿಯಲ್ಲಿ ಕುಸಿದರು. ತೆರೆದಿಟ್ಟ ಫೈಲು ಎದುರಿಗೇ ಇತ್ತು. ಹದಿನೈದು ಮೀಟರ್, ಹತ್ತು ಜನ, ತಮ್ಮದೇ ಮನೆಯ ವಿಳಾಸ. ಕಾದಿರಿಸಿದ ದಿನಾಂಕ ಮಾತ್ರ ಇವತ್ತಿನದಲ್ಲ, ಹೋದ ವಾರದ್ದು. ಕೆಳಗೆ ‘ವಿಶೇಷ ಸೂಚನೆ’ ಎಂಬಲ್ಲಿ, ಮೂವತ್ತೆರಡು ವರ್ಷ ಬಂದರಿಗೆ ತಮಗೆ ಕಾಗದ ಬರೆದ ಅದೇ ದುಂಡನೆಯ ಅಕ್ಷರ:

“ನಮ್ಮ ಯಜಮಾನರು ಬಂದು ಎಲ್ಲ ದೋಣಿಗೂ ಹುಳುಕು ಹೇಳಬಹುದು, ಯಾರೂ ಎದುರಾಡಬೇಡಿ, ಇದನ್ನು ಅವರೇ ಆರಿಸಿದ ಹಾಗೆ ಆಗಲಿ, ಪಾಪ, ಇಡೀ ಆಯಸ್ಸು ಗೋದಾಮಿನಲ್ಲಿ ಕಳೆದವರು, ಮಕ್ಕಳ ಮುಂದೆ ಅವರ ಮುಖ ಸಣ್ಣದಾಗಬಾರದು.”