ಕ್ಯಾಮೆರಾದ ಕೆಳಗಿನ ಅಂಗೈ

"ಫಾರಿನ್ ಮಾಲು. ಸ್ಕ್ರೂ ತಿರುಗಿಸೋ ಕಾಟನೇ ಇಲ್ಲ. ಲಿವರ್ ಎಳೆದ್ರೆ ಕಟಕ್ ಅಂತ ಕ್ಯಾಮೆರಾ ಕೈಗೆ, ಬಿಟ್ರೆ ಜನ್ಮಕ್ಕೂ ಅಲ್ಲಾಡಲ್ಲ ಸಾರ್," ಎಂದು ರಾಜಾಜಿನಗರದ ಕ್ಯಾಮೆರಾ ಸಾಮಾನಿನ ಅಂಗಡಿಯ ಕರಿಬಸಪ್ಪ, ಫೋಟೋಗ್ರಾಫರ್ ಪಂಚಾಕ್ಷರಿಗಿದ್ದ ಒಂದೇ ಕ್ಯಾಮೆರಾವನ್ನು ಹೊಸ ಟ್ರೈಪಾಡ್ ತಲೆಗೆ ಸಿಕ್ಕಿಸಿದ.

"ನಾಳೆ ಮದುವೆ ನೂಕಾಟದಲ್ಲಿ ಇದು ಬಿದ್ರೆ ನನ್ನ ಹೊಟ್ಟೆಪಾಡೂ ಬಿದ್ದಂಗೆ," ಎಂದ ಪಂಚಾಕ್ಷರಿ.

"ಆನೆ ಗುದ್ದಿದ್ರೂ ಬೀಳಲ್ಲ," ಎಂದು ಕರಿಬಸಪ್ಪ ಕ್ಯಾಮೆರಾವನ್ನು ಓರೆ ಮಾಡಿದ. ಬಾಯಿ ಆನೆಯ ಮಾತಾಡುತ್ತಿರುವಾಗಲೇ ಅವನ ಬೆವೆತ ಎಡಗೈ ಮೆಲ್ಲಗೆ ಅದರ ಕೆಳಗೆ ಬಂದು ಅಂಗೈ ಚಾಚಿತು.

ಹಳಸಿದ ಹುಳಿಯ ವಾಸನೆ ಮೂಗಿಗೆ ಬಡಿದವನಂತೆ ಪಂಚಾಕ್ಷರಿ ಮುಖ ಕಿವುಚಿದ. "ಕೈ ಯಾಕೆ ಕೆಳಗೆ? ಲಿಂಗಪೂಜೆನಾ? ತೆಗೀರಿ ನೋಡೋಣ."

ಕರಿಬಸಪ್ಪ ಹಲ್ಲು ಕಿರಿದ, ಕೈ ತೆಗೆಯಲಿಲ್ಲ.

ಪಂಚಾಕ್ಷರಿ ಕ್ಯಾಮೆರಾ ಬಿಚ್ಚಿಕೊಂಡು, ಅದರ ತಳವನ್ನು ಕರವಸ್ತ್ರದಿಂದ ಉಜ್ಜಿ ಒರೆಸಿದ. "ನನಗೆ ಹಳೇ ಸ್ಕ್ರೂನೇ ಸಾಕು," ಎಂದವನು ಕರಿಬಸಪ್ಪನದೇ ರಾಗದಲ್ಲಿ ಸೇರಿಸಿದ: "ನಿಮ್ಮ ಕೈ ಮಾತ್ರ ಜನ್ಮಕ್ಕೂ ಅಲ್ಲಾಡಲ್ಲ ಸಾರ್."